ಫರ್ಗಾನಾ ಕಣಿವೆ: ನೀರು ಬೇಸಿಗೆಗೋ, ಚಳಿಗಾಲಕ್ಕೋ?

ಮೊಗಲ್ ಸಾಮ್ರಾಜ್ಯದ ಸ್ಥಾಪಕನಾದ ಬಾಬರನ ಹೆಸರನ್ನು ನಮ್ಮ ಪಾಠಶಾಲೆಗಳ ವಿದ್ಯಾರ್ಥಿಗಳೆಲ್ಲರೂ ಬಲ್ಲರು. ಆದರೆ ಅವನು ಬಿಟ್ಟುಬಂದ ನಾಡು ಎಂತಹದು ಎಂದು ಕೇಳುವವರು ವಿರಳ. 1483ರಲ್ಲಿ ಆಂದಿಜಾನ್ ಪಟ್ಟಣದಲ್ಲಿ ಹುಟ್ಟಿ, ಇನ್ನೂ ಬಾಲಕನಾಗಿರುವಾಗಲೇ ಫರ್ಗಾನಾ ರಾಜ್ಯದ ಗದ್ದುಗೆಯನ್ನೇರಿದ ಬಾಬರನು ತನ್ನ ಆತ್ಮಕಥೆಯ ಮೊದಲ ಪುಟಗಳನ್ನು ಆ ನಾಡಿನ ಭೂವಿವರಣೆಗೇ ಮೀಸಲಾಗಿರಿಸಿದ್ದಾನೆ. ಪಶ್ಚಿಮವೊಂದನ್ನುಳಿದು ಸುತ್ತಲೂ ಬೆಟ್ಟಗಳು. ನಡುವೆ ಹರಿಯುವ ನದಿ. ಆಂದಿಜಾನದ ಕರ್ಬೂಜ, ಖುಜಂದ್‌ನ ದಾಳಿಂಬೆ, ಮಾರ್ಗಿಲಾನದ ಜರ್ದಾಳು—ಎಲ್ಲವನ್ನೂ ಅವನು ತೋಟಗಾರನ ಅಕ್ಕರೆಯಿಂದ ಎಣಿಸಿಹೇಳುತ್ತಾನೆ. ಹಿಂದೂಸ್ಥಾನದ ದೊರೆಯಾದ ಮೇಲೂ ಆ ಸೀಮೆಯ ಹಣ್ಣುಗಳ ನೆನಪು ಅವನನ್ನು ಬಿಡಲಿಲ್ಲ.

ಬಾಬರನು ಒಂದೇ ರಾಜ್ಯವೆಂದು ಆಳಿದ ಆ ಕಣಿವೆ ಇಂದು ಮೂರು ರಾಷ್ಟ್ರಗಳಲ್ಲಿ ಹಂಚಿಹೋಗಿದೆ. ತಳದ ಸಮತಟ್ಟಾದ ಭೂಮಿಯ ಬಹುಭಾಗ ಉಜ್ಬೇಕಿಸ್ತಾನದ್ದು. ಸುತ್ತಣ ಬೆಟ್ಟಗಳೂ ಅವುಗಳ ಇಳಿಜಾರುಗಳೂ ಹೆಚ್ಚಾಗಿ ಕಿರ್ಗಿಜಿಸ್ತಾನದವು. ಪಶ್ಚಿಮದ ಬಾಗಿಲಿನಂತಿರುವ ಖುಜಂದ್ ತಜಿಕಿಸ್ತಾನಕ್ಕೆ ಸೇರಿದೆ. ಕಣಿವೆಯ ಉದ್ದ ಸುಮಾರು 300 ಕಿಲೋಮೀಟರು. ವಿಸ್ತಾರ ಸುಮಾರು 22,000 ಚದರ ಕಿಲೋಮೀಟರು. ಕಣಿವೆಯನ್ನೂ ಅದರ ಅಂಚಿನ ಬೆಟ್ಟದ ಜಿಲ್ಲೆಗಳನ್ನೂ ಕೂಡಿಸಿದರೆ ಒಂದೂವರೆ ಕೋಟಿಗೂ ಹೆಚ್ಚು ಜನ ಇಲ್ಲಿ ಬಾಳುತ್ತಿದ್ದಾರೆ. ಮರಳುಗಾಡು, ಹುಲ್ಲುಗಾವಲು, ಹಿಮಪರ್ವತಗಳಿಂದ ತುಂಬಿದ ಮಧ್ಯ ಏಷ್ಯದಲ್ಲಿ ಜನ ಇಷ್ಟು ಒತ್ತಾಗಿ ನೆಲಸಿರುವ ಇನ್ನೊಂದು ಸೀಮೆಯನ್ನು ಕಾಣುವುದು ಕಷ್ಟ.

ಇಷ್ಟು ಜನಕ್ಕೆ ಅನ್ನವೆಲ್ಲಿಂದ ಬರುತ್ತದೆ? ಆಕಾಶದಿಂದಂತೂ ಅಲ್ಲ. ಕಣಿವೆಯ ಪಶ್ಚಿಮ ಭಾಗದಲ್ಲಿ ವರ್ಷವಿಡೀ ಬೀಳುವ ಮಳೆ 100 ಮಿಲಿಮೀಟರನ್ನು ಮುಟ್ಟುವುದೂ ದುರ್ಲಭ. ಫರ್ಗಾನಾ ಬದುಕಿರುವುದು ಬೆಟ್ಟದ ಮೇಲಣ ಹಿಮದಿಂದ. ತಿಯಾನ್ ಷಾನ್ ಪರ್ವತಗಳ ಒಡಲಿನಿಂದ ನರೀನ್ ನದಿಯೂ, ಪೂರ್ವ ಮತ್ತು ಆಗ್ನೇಯದ ಶ್ರೇಣಿಗಳಿಂದ ಕಾರಾ ದರಿಯಾ ನದಿಯೂ ಇಳಿದುಬಂದು ನಮಂಗಾನದ ಬಳಿ ಕೂಡುತ್ತವೆ. ಅಲ್ಲಿಂದ ಮುಂದೆ ಆ ನದಿಗೆ ಸಿರ್ ದರಿಯಾ ಎಂದು ಹೆಸರು. ಅದು ಖುಜಂದ್‌ನ ಬಾಗಿಲನ್ನು ದಾಟಿ, ದಕ್ಷಿಣ ಕಜಾಕಿಸ್ತಾನದ ಬಯಲುಗಳನ್ನು ಹಾಯ್ದು, ಅರಾಲ್ ಸಮುದ್ರದ ಕಡೆಗೆ ಸಾಗುತ್ತದೆ. ದಕ್ಷಿಣದ ಅಲಾಯ್ ಮತ್ತು ತುರ್ಕಿಸ್ತಾನ್ ಶ್ರೇಣಿಗಳಿಂದ ಇಳಿಯುವ ಸೊಖ್, ಇಸ್ಫಾರಾ ಮೊದಲಾದ ತೊರೆಗಳನ್ನಾದರೋ ಹೊಲಗದ್ದೆಗಳೇ ಕುಡಿದುಬಿಡುತ್ತವೆ. ದೊಡ್ಡ ನದಿಯವರೆಗೆ ಉಳಿದು ಬರುವ ನೀರು ಅತ್ಯಲ್ಪ.

ಇಲ್ಲಿ ಪ್ರಕೃತಿಯ ಒಂದು ಔದಾರ್ಯವನ್ನು ಗಮನಿಸಬೇಕು. ಚಳಿಗಾಲದಲ್ಲಿ ಬಿದ್ದ ಹಿಮ ಬೆಟ್ಟದ ಮೇಲೆಯೇ ನಿಂತಿದ್ದು ವಸಂತದಲ್ಲಿ ಕರಗತೊಡಗುತ್ತದೆ. ಬೇಸಿಗೆಯಲ್ಲಿ ನದಿಗಳು ತುಂಬಿ ಹರಿಯುತ್ತವೆ. ಬೆಳೆಗೆ ನೀರು ಬೇಕಾಗುವುದೂ ಆ ತಿಂಗಳುಗಳಲ್ಲಿಯೇ. ಮಳೆಯಿಲ್ಲದ ನೆಲಕ್ಕೆ ಹೊತ್ತಿಗೆ ಸರಿಯಾಗಿ ನೀರು ಒದಗುವ ಈ ಏರ್ಪಾಡಿನ ಮೇಲೆ ಶತಮಾನಗಳ ಕಾಲ ಇಲ್ಲಿನ ಕಾಲುವೆಗಳೂ ತೋಟಗಳೂ ಪಟ್ಟಣಗಳೂ ನಿಂತಿದ್ದುವು. ಇಂದಿನ ಫರ್ಗಾನಾದ ಜಗಳ ಮುಖ್ಯವಾಗಿ ಈ ಕಾಲದ ಬಗ್ಗೆ ಎದ್ದ ಜಗಳ. ನೀರೆಷ್ಟು ಎಂಬ ಪ್ರಶ್ನೆಗಿಂತ, ನೀರು ಯಾವ ತಿಂಗಳಲ್ಲಿ ಎಂಬ ಪ್ರಶ್ನೆಯೇ ಅಲ್ಲಿ ರಾಜ್ಯಗಳನ್ನು ಕಲಕಿದೆ. ಇದನ್ನು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

1876ರಲ್ಲಿ ರಷ್ಯದ ಚಕ್ರವರ್ತಿಯ ಸರ್ಕಾರ ಕೋಕಂದ್ ಸಂಸ್ಥಾನವನ್ನು ರದ್ದುಗೊಳಿಸಿ ಕಣಿವೆಯನ್ನು ತನ್ನದಾಗಿಸಿಕೊಂಡಿತು. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ಹತ್ತಿಯಿಲ್ಲದೆ ಪರದಾಡಿದ್ದ ರಷ್ಯದ ಗಿರಣಿಗಳಿಗೆ ಸ್ವಂತದ ಹತ್ತಿಯ ಹೊಲವೊಂದು ಬೇಕಾಗಿತ್ತು. ಅಮೆರಿಕದ ತಳಿಯ ಬೀಜ ಬಂದಿತು; 1899ರಲ್ಲಿ ರೈಲು ಆಂದಿಜಾನವನ್ನು ಮುಟ್ಟಿತು; ಧಾನ್ಯ ಬೆಳೆಯುತ್ತಿದ್ದ ನೆಲಕ್ಕೆ ಹತ್ತಿ ನುಗ್ಗಿತು. ಅನಂತರ ಬಂದ ಸೋವಿಯತ್ ಆಡಳಿತ 1924ರಿಂದ 1936ರವರೆಗೆ ಹಂತಹಂತವಾಗಿ ಮಧ್ಯ ಏಷ್ಯವನ್ನು ಜನಾಂಗವಾರು ಗಣರಾಜ್ಯಗಳನ್ನಾಗಿ ವಿಂಗಡಿಸಿತು. ಆದರೆ ಒಂದೇ ಸಂತೆಯಲ್ಲಿ ಉಜ್ಬೇಕರೂ ಕಿರ್ಗಿಜರೂ ತಜಿಕರೂ ಕಲೆಯುವ ಕಣಿವೆಯಲ್ಲಿ ಜನಾಂಗಕ್ಕೆ ಸರಿಯಾಗಿ ಗೆರೆಯೆಳೆಯುವುದು ಸಾಧ್ಯವಿರಲಿಲ್ಲ. ಕಿರ್ಗಿಜಿಸ್ತಾನದ ನೆಲದಿಂದ ಸುತ್ತುವರಿದ ಸೊಖ್ ಉಜ್ಬೇಕಿಸ್ತಾನಕ್ಕೆ ಸೇರಿತು; ಅಲ್ಲಿನ ಜನ ಬಹುಪಾಲು ಆಡುವುದು ತಜಿಕ್ ಭಾಷೆಯನ್ನು! ಹಾಗೆಯೇ ವೊರೂಖ್ ಎಂಬ ತಜಿಕ್ ಗ್ರಾಮಸಮೂಹವೂ ಕಿರ್ಗಿಜ್ ನೆಲದ ನಡುವೆ ದ್ವೀಪದಂತೆ ಉಳಿಯಿತು. ಎಲ್ಲರ ಮೇಲೂ ಮಾಸ್ಕೋ ಇರುವವರೆಗೆ ಈ ಗೆರೆಗಳು ಭೂಪಟದ ಮೇಲಣ ಅಲಂಕಾರಗಳಾಗಿದ್ದುವು. ದನ ಕಾಯುವವನಾಗಲಿ ಮದುವೆಯ ದಿಬ್ಬಣವಾಗಲಿ ಅವುಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತಿರಲಿಲ್ಲ.

ಹತ್ತಿಯ ಹಸಿವು ಬೆಳೆದಂತೆ ನೀರಿನ ಹಸಿವೂ ಬೆಳೆಯಿತು. 1939ರಲ್ಲಿ ಸುಮಾರು 1,60,000 ಮಂದಿ ರೈತರನ್ನು ಕೂಡಿಸಿ, ಬಹುಮಟ್ಟಿಗೆ ಗುದ್ದಲಿಗಳಿಂದಲೇ, 45 ದಿನಗಳಲ್ಲಿ 270 ಕಿಲೋಮೀಟರು ಉದ್ದದ ಮಹಾ ಫರ್ಗಾನಾ ಕಾಲುವೆಯನ್ನು ತೋಡಿಸಲಾಯಿತು. ನರೀನ್ ನದಿಯ ನೀರು ಕಣಿವೆಯ ದಕ್ಷಿಣ ಪಾರ್ಶ್ವದ ಹೊಲಗಳಿಗೆ ಹರಿಯಿತು. ಯುದ್ಧಾನಂತರದ ದಶಕಗಳಲ್ಲಿ ಕಣಿವೆಯ ನಡುವಣ ಬರಡು ಬಯಲೂ ಹತ್ತಿಯ ಹೊಲವಾಯಿತು. ಮಳೆಗಾಲ ಕಡಮೆಯಾದ ವರ್ಷಗಳಲ್ಲಿ ಮಾತ್ರ ನದಿ ಸಾಲದಾಗುತ್ತಿತ್ತು ಎಂದುಕೊಳ್ಳಬೇಡಿ. ಹಿಮ ಕಡಮೆ ಬಿದ್ದ ವರ್ಷವೇ ಇಲ್ಲಿನ ಬರಗಾಲದ ವರ್ಷ. ತುಂಬಿದ ವರ್ಷದ ನೀರನ್ನು ಬರದ ವರ್ಷಕ್ಕೆ ಕೂಡಿಡಲು ಎತ್ತರದಲ್ಲಿ ಒಂದು ಮಹಾಜಲಾಶಯ ಬೇಕೆಂದು ಯೋಜಕರು ನಿರ್ಧರಿಸಿದರು.

ಹೀಗೆ ಎದ್ದುದು ನರೀನ್ ನದಿಗೆ ಅಡ್ಡಲಾಗಿ ಕಟ್ಟಿದ ತೊಕ್ತೊಗುಲ್ ಅಣೆಕಟ್ಟು. ಎತ್ತರ 215 ಮೀಟರು. 1970ರ ದಶಕದ ಮಧ್ಯದಲ್ಲಿ ಅದು ವಿದ್ಯುಚ್ಛಕ್ತಿಯನ್ನು ಕೊಡತೊಡಗಿತು. ಜಲಾಶಯದಲ್ಲಿ ಹಿಡಿಯುವ ನೀರು ಸುಮಾರು 1,950 ಕೋಟಿ ಘನ ಮೀಟರು. ಇದಕ್ಕಾಗಿ ಕಿರ್ಗಿಜಿಸ್ತಾನ ಕೆತ್ಮೆನ್-ತೊಬೆ ಎಂಬ ತನ್ನ ಫಲವತ್ತಾದ ಕಣಿವೆಯೊಂದನ್ನು ಮುಳುಗಡೆಗೆ ಬಿಟ್ಟುಕೊಟ್ಟಿತು; ಲಾಭವಾದುದು ಕೆಳಗಿನ ಹತ್ತಿಯ ಹೊಲಗಳಿಗೆ. ಆದರೆ ಅಂದಿನ ಏರ್ಪಾಡಿನಲ್ಲಿ ಒಂದು ನ್ಯಾಯವಿತ್ತು. ವರ್ಷದ ನೀರಿನಲ್ಲಿ ಮುಕ್ಕಾಲು ಪಾಲನ್ನು ಬೇಸಾಯದ ತಿಂಗಳುಗಳಲ್ಲಿ ಬಿಡಬೇಕು. ಆ ನೀರು ಯಂತ್ರಗಳನ್ನು ಹಾಯ್ದು ಇಳಿಯುವಾಗ ಹುಟ್ಟುವ ಹೆಚ್ಚಿನ ವಿದ್ಯುತ್ತು ಕೆಳಗಿನ ಗಣರಾಜ್ಯಗಳಿಗೆ ಹೋಗಬೇಕು. ಚಳಿಗಾಲ ಬಂದಾಗ ಕೆಳಗಿನವರು ಕಲ್ಲಿದ್ದಲು, ಅನಿಲ, ಎಣ್ಣೆಗಳನ್ನು ಮೇಲಕ್ಕೆ ಕಳುಹಿಸಿ ಬೆಟ್ಟದವರ ಮನೆಗಳನ್ನು ಬೆಚ್ಚಗಿಡಬೇಕು. ಹೀಗೆ ಕೆಳಗಿನವರ ಬೇಸಿಗೆಯನ್ನು ಮೇಲಿನವರೂ, ಮೇಲಿನವರ ಚಳಿಗಾಲವನ್ನು ಕೆಳಗಿನವರೂ ಕಾಯುತ್ತಿದ್ದರು.

1991ರಲ್ಲಿ ಸೋವಿಯತ್ ಒಕ್ಕೂಟ ಒಡೆದಾಗ ಈ ಕೊಡುಕೊಳ್ಳುವಿಕೆಯ ಎರಡು ತುದಿಗಳು ಬೇರೆ ಬೇರೆ ರಾಷ್ಟ್ರಗಳಾದುವು. ಕಲ್ಲಿದ್ದಲಿಗೂ ಅನಿಲಕ್ಕೂ ಮಾರುಕಟ್ಟೆಯ ಬೆಲೆ ಬಂದಿತು. ನೀರಿಗೆ ಮಾತ್ರ ಬೆಲೆಯಿಲ್ಲದಾಯಿತು. ಇಂಧನವನ್ನು ಕೊಳ್ಳಲು ಹಣವಿಲ್ಲದ ಕಿರ್ಗಿಜಿಸ್ತಾನ ತನ್ನ ಕೈಯಲ್ಲಿದ್ದ ಒಂದೇ ಸಾಧನವನ್ನು ಬಳಸಿತು. ಬೇಸಿಗೆಯಲ್ಲಿ ನೀರನ್ನು ತಡೆದಿಟ್ಟು ಚಳಿಗಾಲದಲ್ಲಿ ಬಿಟ್ಟು ವಿದ್ಯುತ್ತನ್ನು ಪಡೆಯತೊಡಗಿತು. ನದಿಯ ಋತುವೇ ತಿರುಗಿಹೋಯಿತು. ಬೇಸಿಗೆಯಲ್ಲಿ ಕೆಳಗಿನ ಹತ್ತಿ ಬಾಯಾರಿತು. ಚಳಿಗಾಲದಲ್ಲಿ ಹೆಪ್ಪುಗಟ್ಟಿದ ನದಿಯ ಮೇಲೆ ನೀರು ಬಂದು, ಕಜಾಕಿಸ್ತಾನದ ದಂಡೆಯ ಊರುಗಳಲ್ಲಿ ಪ್ರವಾಹದ ಭಯ ಹುಟ್ಟಿತು. 1993ರಿಂದ ಈಚೆಗೆ ಹೆಚ್ಚಿನ ನೀರನ್ನು ಅರ್ನಸಾಯ್ ತಗ್ಗಿಗೆ ಮತ್ತೆ ಮತ್ತೆ ತಿರುಗಿಸಬೇಕಾಯಿತು. ಹೊಲಕ್ಕೂ ಸಲ್ಲದೆ ಅರಾಲ್ ಸಮುದ್ರಕ್ಕೂ ಸಲ್ಲದೆ ಆ ನೀರು ಅಲ್ಲಿ ಕೆರೆಯಾಗಿ ನಿಂತಿತು. ಕಜಾಕಿಸ್ತಾನವಾದರೋ ಚಳಿಗಾಲದ ನೆರೆಯನ್ನು ಹಿಡಿಯಲೆಂದೇ ಕೊಕ್ಸರಾಯ್ ಎಂಬ ಹೊಸ ಜಲಾಶಯವನ್ನು ಕಟ್ಟಿಕೊಂಡಿತು. ಬರಗಾಲದ ನಾಡಿನಲ್ಲಿ ನೀರು ಹೆಚ್ಚಾದುದಕ್ಕಾಗಿ ಕೋಟಿಗಟ್ಟಲೆ ಹಣ ಸುರಿಯಬೇಕಾಯಿತೆಂದರೆ ವ್ಯವಸ್ಥೆ ಎಷ್ಟು ಕೆಟ್ಟಿತ್ತೆಂಬುದನ್ನು ಊಹಿಸಬಹುದು.

ಒಪ್ಪಂದಗಳು ಆಗದಿರಲಿಲ್ಲ. 1992ರ ಫೆಬ್ರವರಿಯಲ್ಲಿ ಅಲ್ಮಾಟಿಯಲ್ಲಿ ಐದು ರಾಷ್ಟ್ರಗಳೂ ನೀರಿನ ಹಳೆಯ ಪಾಲುಗಳನ್ನೇ ಉಳಿಸಿಕೊಳ್ಳಲು ಒಪ್ಪಿದುವು. ಆದರೆ ಅದರಲ್ಲಿ ಇಂಧನದ ಬಗ್ಗೆ ಭರವಸೆಯಿರಲಿಲ್ಲ. 1998ರ ಮಾರ್ಚಿಯಲ್ಲಿ ಬಿಷ್ಕೆಕ್‌ನಲ್ಲಿ ಆದ ಒಪ್ಪಂದ ಇನ್ನೂ ವಿವೇಕದ್ದು. ಬೇಸಿಗೆಯ ನೀರಿಗೂ ವಿದ್ಯುತ್ತಿಗೂ ಬದಲಾಗಿ ಚಳಿಗಾಲದ ಇಂಧನವನ್ನು ಕೊಡಬೇಕೆಂಬ ಹಳೆಯ ಮರ್ಯಾದೆಯನ್ನು ಅದು ಬರವಣಿಗೆಗೆ ಇಳಿಸಿತು. ಅದು ಕುಸಿದ ಬಗೆಯಲ್ಲಿ ವಿದ್ಯಾರ್ಥಿಗಳಿಗೊಂದು ಪಾಠವಿದೆ. ವರ್ಷ ವರ್ಷವೂ ಹೊಸದಾಗಿ ಲೆಕ್ಕ ಮಾಡಬೇಕಾಗಿತ್ತು. ಮಳೆ ಚೆನ್ನಾದ ವರ್ಷ ಕೆಳಗಿನವರಿಗೆ ಜಲಾಶಯದ ನೀರು ಅಷ್ಟಾಗಿ ಬೇಡವಾಯಿತು. ಆದ್ದರಿಂದ ವಿದ್ಯುತ್ತನ್ನೂ ಕಡಮೆ ಕೊಂಡರು, ಇಂಧನವನ್ನೂ ಕಡಮೆ ಕಳುಹಿಸಿದರು. ಆದರೆ ಮಳೆ ಚೆನ್ನಾಗಿ ಆಯಿತೆಂದು ಬೆಟ್ಟದ ಮೇಲೆ ಚಳಿ ಕಡಮೆಯಾಗುತ್ತದೆಯೇ? ಬೇಸರಗೊಂಡ ಕಿರ್ಗಿಜಿಸ್ತಾನ 2001ರಲ್ಲಿ ಕಾನೂನು ಮಾಡಿ, ನೀರಿಗೂ ಆರ್ಥಿಕ ಬೆಲೆಯುಂಟೆಂದು ಸಾರಿತು. ದೇವರು ಕೊಟ್ಟ ನದಿಗೆ ಬೆಲೆ ಕಟ್ಟುವುದುಂಟೇ ಎಂದು ಕೆಳಗಿನವರು ಕೇಳಿದರು. ಅನಿಲವನ್ನು ಕೊಟ್ಟವನೂ ಅದೇ ದೇವರಲ್ಲವೇ ಎಂಬುದು ಮೇಲಿನವರ ಮರುಪ್ರಶ್ನೆ.

ಈ ವಾದದ ಹಿಂದೆ ಜನರ ಬಾಳು ನರಳುತ್ತಿತ್ತು. 2007-08ರ ಚಳಿಗಾಲ ಅಸಾಧಾರಣ ಕಠೋರವಾಗಿತ್ತು. ತೊಕ್ತೊಗುಲ್ ಬರಿದಾಗುತ್ತ ಬಂದು, ಮುಂದಿನ ಚಳಿಗಾಲದಲ್ಲಿ ಕಿರ್ಗಿಜಿಸ್ತಾನ ಗಂಟೆಗಟ್ಟಲೆ ಕತ್ತಲೆಯಲ್ಲಿ ಕುಳಿತಿತು. 2010ರಲ್ಲಿ ವಿದ್ಯುತ್ತಿನ ಮತ್ತು ಉಷ್ಣದ ದರಗಳನ್ನು ಒಮ್ಮೆಲೇ ಏರಿಸಿದುದು ಏಪ್ರಿಲ್ ತಿಂಗಳಲ್ಲಿ ಅಧ್ಯಕ್ಷ ಬಾಕಿಯೆವ್ ಅವರ ಪದಚ್ಯುತಿಗೆ ಒಂದು ಕಾರಣವಾಯಿತು. ಅದೇ ಜೂನ್‌ನಲ್ಲಿ ಓಷ್ ನಗರದಲ್ಲಿ ಕಿರ್ಗಿಜರಿಗೂ ಉಜ್ಬೇಕರಿಗೂ ನಡೆದ ಘೋರ ಹಿಂಸಾಚಾರದಲ್ಲಿ ನಾನೂರಕ್ಕೂ ಹೆಚ್ಚು ಜನ ಸತ್ತರು. 1990ರಲ್ಲಿಯೂ ಅದೇ ನಗರದ ಸುತ್ತ, ಸಾಮೂಹಿಕ ಬೇಸಾಯದ ಭೂಮಿಯೊಂದರ ಹಂಚಿಕೆಯ ನೆಪದಲ್ಲಿ, ರಕ್ತ ಹರಿದಿತ್ತು. 2014ರಲ್ಲಿ ಓಷ್‌ಗೆ ಬರುತ್ತಿದ್ದ ಉಜ್ಬೇಕಿಸ್ತಾನದ ಅನಿಲ ಏಪ್ರಿಲ್‌ನಿಂದ ವರ್ಷದ ಕೊನೆಯವರೆಗೂ ನಿಂತುಹೋಯಿತು. ನೀರಿನ ವಿವಾದ ಯುದ್ಧಕ್ಕೂ ಎಡೆಗೊಡಬಹುದೆಂದು ಉಜ್ಬೇಕಿಸ್ತಾನದ ಅಂದಿನ ಅಧ್ಯಕ್ಷ ಕರೀಮೊವ್ 2012ರಲ್ಲಿಯೇ ಬಹಿರಂಗವಾಗಿ ಎಚ್ಚರಿಸಿದ್ದರು.

ಯುದ್ಧವೆಂಬ ಮಾತು ನಿಜವಾದುದು ಮಹಾನದಿಯ ಬಳಿಯಲ್ಲಲ್ಲ, ಒಂದು ಸಣ್ಣ ತೊರೆಯ ಬಳಿ. ಇಸ್ಫಾರಾ ತೊರೆಯ ನೀರನ್ನು ಕಿರ್ಗಿಜ್ ಹಳ್ಳಿಗಳಿಗೂ ತಜಿಕ್ ಹಳ್ಳಿಗಳಿಗೂ ಹಂಚುವ ತೂಬು ವೊರೂಖ್‌ನ ಹತ್ತಿರದಲ್ಲಿದೆ. 2021ರ ಏಪ್ರಿಲ್ ಕೊನೆಯಲ್ಲಿ, ಬಿತ್ತನೆಯ ಕಾಲದಲ್ಲಿ, ಅಲ್ಲಿನ ಕಂಬವೊಂದಕ್ಕೆ ಕಾವಲಿನ ಕ್ಯಾಮೆರಾ ಕಟ್ಟಿದ ವಿಷಯದಲ್ಲಿ ಕಲ್ಲು ತೂರಾಟವಾಯಿತು. ಕಲ್ಲಿನ ಬೆನ್ನಿಗೆ ಬಂದೂಕು ಬಂದಿತು. ಐವತ್ತಕ್ಕೂ ಹೆಚ್ಚು ಜನ ಪ್ರಾಣ ತೆತ್ತರು. 2022ರ ಸೆಪ್ಟೆಂಬರಿನಲ್ಲಿ ಆ ಗಡಿಯಲ್ಲಿಯೇ ಇನ್ನೂ ದೊಡ್ಡ ಕಾಳಗವಾಗಿ ಸತ್ತವರ ಸಂಖ್ಯೆ ನೂರನ್ನು ಮೀರಿತು. ಕಿರ್ಗಿಜ್ ಪಕ್ಷದಲ್ಲಿಯೇ ಲಕ್ಷಕ್ಕೂ ಹೆಚ್ಚು ಜನ ಮನೆ ಬಿಟ್ಟು ಓಡಬೇಕಾಯಿತು. ಗೆರೆ ಎಲ್ಲಿದೆಯೆಂದು ಯಾರಿಗೂ ನಿಶ್ಚಯವಿಲ್ಲದಿದ್ದಾಗ ಒಂದು ತೂಬಿನ ಯಜಮಾನಿಕೆ ಎರಡು ಸೈನ್ಯಗಳ ಮಾನದ ಪ್ರಶ್ನೆಯಾಗುತ್ತದೆ.

ಹೊಲ ಸಾಲದಿದ್ದರೆ ನೆಲದೊಳಗಿನ ಸಂಪತ್ತು ಕೈಹಿಡಿಯಬಾರದೇ ಎಂದು ವಾಚಕರು ಕೇಳಬಹುದು. ಸಂಪತ್ತು ಉಂಟು. ಕಣಿವೆಯಲ್ಲಿ ಇಪ್ಪತ್ತನೆಯ ಶತಮಾನದ ಆದಿಯಿಂದಲೂ ಎಣ್ಣೆಯನ್ನು ತೆಗೆಯುತ್ತಿದ್ದಾರೆ; ದಕ್ಷಿಣದ ತಪ್ಪಲಲ್ಲಿ ಸುಲುಕ್ತಾ ಮತ್ತು ಕಿಜಿಲ್-ಕಿಯಾ ಊರುಗಳ ಕಲ್ಲಿದ್ದಲು, ಖೈದರ್ಕಾನ್‌ನ ಪಾದರಸ, ಕದಮ್‌ಜಾಯ್‌ನ ಅಂಜನಲೋಹ ಸೋವಿಯತ್ ಕಾಲದಲ್ಲಿ ಪ್ರಸಿದ್ಧವಾಗಿದ್ದುವು. ಆದರೆ ಎಲ್ಲವನ್ನೂ ಕೊಳ್ಳುತ್ತಿದ್ದ ಒಬ್ಬ ದೊಡ್ಡ ಗಿರಾಕಿ ಮಾಯವಾದ ಮೇಲೆ ಈ ಗಣಿಯೂರುಗಳು ಸೊರಗಿದುವು. ಕೆಲವೆಡೆ ಉಳಿದುದು ಕೇವಲ ವಿಷ. ಮೈಲೂ-ಸೂ ಎಂಬಲ್ಲಿ 1946ರಿಂದ 1968ರವರೆಗೆ ಯುರೇನಿಯಂ ತೆಗೆದು, ಸುಮಾರು 20 ಲಕ್ಷ ಘನ ಮೀಟರಿನಷ್ಟು ತ್ಯಾಜ್ಯವನ್ನು ನದಿಯ ದಂಡೆಗಳಲ್ಲಿಯೇ ಗುಡ್ಡೆ ಹಾಕಲಾಯಿತು. 1958ರಲ್ಲಿ ಅಂತಹ ಒಂದು ಗುಡ್ಡೆಯ ಕಟ್ಟೆಯೊಡೆದು ತ್ಯಾಜ್ಯ ನದಿಗೆ ಇಳಿದಿತ್ತು. ಭೂಕಂಪವೂ ಭೂಕುಸಿತವೂ ಸಾಮಾನ್ಯವಾದ ಆ ಇಳಿಜಾರಿನ ಕೆಳಗಿರುವುದು ಜನಭರಿತವಾದ ಫರ್ಗಾನಾ. ತ್ಯಾಜ್ಯ ಒಂದು ರಾಷ್ಟ್ರದ್ದು, ಅದರ ಭಯ ಇನ್ನೊಂದರದು.

ಆದ್ದರಿಂದ ಕಣಿವೆಯ ತರುಣರು ವಲಸೆ ಹೋಗುತ್ತಾರೆ. ರಷ್ಯದ ಕಟ್ಟಡಗಳಲ್ಲಿಯೂ ಕಾರ್ಖಾನೆಗಳಲ್ಲಿಯೂ ದುಡಿದು ಅವರು ಮನೆಗೆ ಕಳುಹಿಸುವ ಹಣ ಮೂರು ರಾಷ್ಟ್ರಗಳಿಗೂ ಆಧಾರ. ತಜಿಕಿಸ್ತಾನವಂತೂ ಈ ಬಗೆಯ ಹಣವನ್ನು ಜಗತ್ತಿನಲ್ಲೇ ಅತ್ಯಂತ ಹೆಚ್ಚಾಗಿ ನೆಚ್ಚಿಕೊಂಡ ರಾಷ್ಟ್ರಗಳಲ್ಲೊಂದು. ಉಳಿದವರಿಗೆ ಬೇಸಾಯವೇ ಗತಿ. ಆ ಬೇಸಾಯವೂ ಬದಲಾಗುತ್ತಿದೆ. ಉಜ್ಬೇಕಿಸ್ತಾನ 2020ರಲ್ಲಿ ಹತ್ತಿಗೆ ಸರ್ಕಾರ ಗೊತ್ತುಮಾಡುತ್ತಿದ್ದ ಕಡ್ಡಾಯದ ಗುರಿಯನ್ನು ತೆಗೆದುಹಾಕಿತು. ಶಾಲೆಯ ಮಕ್ಕಳನ್ನೂ ಉಪಾಧ್ಯಾಯರನ್ನೂ ಹತ್ತಿ ಬಿಡಿಸಲು ಅಟ್ಟುತ್ತಿದ್ದ ಕೆಟ್ಟ ಪದ್ಧತಿ ಕ್ರಮೇಣ ನಿಂತುದರಿಂದ, ಅದರ ಹತ್ತಿಯ ಮೇಲೆ ವಿದೇಶಗಳಲ್ಲಿದ್ದ ಬಹಿಷ್ಕಾರವೂ 2022ರಲ್ಲಿ ಕೊನೆಗೊಂಡಿತು.

ರಾಜಕೀಯದ ಹವೆಯೂ ತಿಳಿಯಾಗಿದೆ ಎನ್ನಬೇಕು. 2016ರಲ್ಲಿ ಕರೀಮೊವ್ ನಿಧನರಾದ ಮೇಲೆ ಅಧಿಕಾರಕ್ಕೆ ಬಂದ ಮಿರ್ಜಿಯೊಯೆವ್ ನೆರೆಯವರೊಂದಿಗೆ ಮಾತುಕತೆಗೆ ತೊಡಗಿದರು. 2017ರ ಸೆಪ್ಟೆಂಬರಿನಲ್ಲಿ ಉಜ್ಬೇಕ್-ಕಿರ್ಗಿಜ್ ಗಡಿಯ ಸುಮಾರು ಶೇಕಡ 85ರಷ್ಟು ಭಾಗ ಇತ್ಯರ್ಥವಾಯಿತು. ಉಳಿದುದು 2022-23ರಲ್ಲಿ ಮುಗಿಯಿತು. ರಕ್ತ ಹರಿದಿದ್ದ ಕಿರ್ಗಿಜ್-ತಜಿಕ್ ಗಡಿಯ ಒಪ್ಪಂದಕ್ಕೆ 2025ರ ಮಾರ್ಚಿ 13ರಂದು ಬಿಷ್ಕೆಕ್‌ನಲ್ಲಿ ಸಹಿ ಬಿದ್ದಿತು. ಅದೇ ತಿಂಗಳ 31ರಂದು ಮೂವರು ಅಧ್ಯಕ್ಷರೂ ಖುಜಂದ್‌ನಲ್ಲಿ ಕೂಡಿ, ಮೂರು ಗಡಿಗಳು ಸಂಧಿಸುವ ಬಿಂದುವನ್ನು ಗೊತ್ತುಪಡಿಸಿದರು.

ಇದಕ್ಕಿಂತ ಗಂಭೀರವಾದ ಬದಲಾವಣೆ ಇಂಧನದ ಲೆಕ್ಕದಲ್ಲಿ ಆಗಿದೆ. ಅನಿಲದ ಶ್ರೀಮಂತನೆನಿಸಿದ್ದ ಉಜ್ಬೇಕಿಸ್ತಾನ 2023ರ ಜನವರಿಯ ಚಳಿಯಲ್ಲಿ ತನ್ನ ನಗರಗಳಿಗೇ ಅನಿಲ ಒದಗಿಸಲಾರದೆ ತತ್ತರಿಸಿತು; ಅದೇ ಅಕ್ಟೋಬರಿನಿಂದ ರಷ್ಯದಿಂದ ಅನಿಲವನ್ನು ಕೊಳ್ಳತೊಡಗಿತು. ಕಿರ್ಗಿಜಿಸ್ತಾನ 2023ರ ಆಗಸ್ಟಿನಿಂದ 2026ರ ಕೊನೆಯವರೆಗೆ ವಿದ್ಯುತ್ ಕ್ಷೇತ್ರದಲ್ಲಿ ತುರ್ತು ಪರಿಸ್ಥಿತಿಯನ್ನು ಸಾರಿತು. ಇಬ್ಬರಿಗೂ ಕೊರತೆ ಕಂಡಾಗ ಹಳೆಯ ನೆರೆಹೊರೆತನ ನೆನಪಾಯಿತು. ಚಳಿಗಾಲದಲ್ಲಿ ನೆರೆಯವರಿಂದ ವಿದ್ಯುತ್ತನ್ನು ಪಡೆದು, ಆ ಮೂಲಕ ತೊಕ್ತೊಗುಲ್‌ನಲ್ಲಿ ಉಳಿದ ನೀರನ್ನು ಬೇಸಿಗೆಯಲ್ಲಿ ಬಿಡುವ ಏರ್ಪಾಡುಗಳು ಮತ್ತೆ ತಲೆಯೆತ್ತಿವೆ. ನರೀನ್ ನದಿಯ ಮೇಲುಭಾಗದಲ್ಲಿ 1,860 ಮೆಗಾವಾಟ್ ಸಾಮರ್ಥ್ಯದ ಕಂಬರಾತಾ ಅಣೆಕಟ್ಟನ್ನು ಕಿರ್ಗಿಜಿಸ್ತಾನ, ಉಜ್ಬೇಕಿಸ್ತಾನ, ಕಜಾಕಿಸ್ತಾನಗಳು ಕೂಡಿ ಕಟ್ಟಬೇಕೆಂದು 2023ರಲ್ಲಿ ಒಪ್ಪಿವೆ. ಮೇಲೊಂದು ಅಣೆಕಟ್ಟಿದ್ದರೆ ಚಳಿಗಾಲದಲ್ಲಿ ಅಲ್ಲಿ ವಿದ್ಯುತ್ತಿಗಾಗಿ ಬಿಟ್ಟ ನೀರನ್ನು ತೊಕ್ತೊಗುಲ್ ಹಿಡಿದಿಟ್ಟು ಬೇಸಿಗೆಗೆ ಕೊಡಬಲ್ಲುದು. ಎರಡು ಋತುಗಳ ಜಗಳಕ್ಕೆ ಇದೊಂದು ಪರಿಹಾರ. ಹಿಂದೆ ಇದೇ ಯೋಜನೆಯನ್ನು ಭಯದಿಂದ ನೋಡುತ್ತಿದ್ದ ಕೆಳಗಿನವರು ಈಗ ಅದರಲ್ಲಿ ಪಾಲುದಾರರಾಗಲು ಬಂದಿರುವುದು ಸಣ್ಣ ಸಂಗತಿಯಲ್ಲ.

ಆದರೂ ಎರಡು ಕಾರಣಗಳಿಂದ ಸಂಪೂರ್ಣ ನೆಮ್ಮದಿಯಿಂದಿರುವಂತಿಲ್ಲ. ಮೊದಲನೆಯದು, ಈ ಒಪ್ಪಂದಗಳು ಅರಮನೆಗಳಲ್ಲಿ ಆದುವು, ಹಳ್ಳಿಗಳಲ್ಲಿ ಅಲ್ಲ. ಕಾರಾ ದರಿಯಾ ನದಿಯ ಕೆಂಪಿರ್-ಅಬಾದ್ ಜಲಾಶಯದ ನೆಲವನ್ನು ಉಜ್ಬೇಕಿಸ್ತಾನಕ್ಕೆ ಬಿಟ್ಟುಕೊಡುವುದನ್ನು ವಿರೋಧಿಸಿದ ಇಪ್ಪತ್ತಕ್ಕೂ ಹೆಚ್ಚು ಮಂದಿಯನ್ನು ಕಿರ್ಗಿಜ್ ಸರ್ಕಾರ 2022ರ ಅಕ್ಟೋಬರಿನಲ್ಲಿ ಸೆರೆಹಿಡಿಯಿತು. ಬಿಷ್ಕೆಕ್‌ನ ನ್ಯಾಯಾಲಯವೊಂದು ಅವರನ್ನು ನಿರ್ದೋಷಿಗಳೆಂದದ್ದು 2024ರ ಜೂನ್‌ನಲ್ಲಿ. ಒಪ್ಪಂದ ಒಳ್ಳೆಯದೇ ಇರಬಹುದು. ಆದರೆ ನೀರು ತಿರುಗಿಸುವ ರೈತನನ್ನು ಕೇಳದೆ, ಕೇಳಿದವರನ್ನು ಸೆರೆಗಟ್ಟಿ ಎಳೆದ ಗೆರೆ ಬರದ ವರ್ಷವೊಂದರಲ್ಲಿ ಎಷ್ಟು ಗಟ್ಟಿಯಾಗಿ ನಿಲ್ಲುವುದೆಂದು ಸಂಶಯಪಡದಿರುವುದು ಕಷ್ಟ. ಎರಡನೆಯದು, ಬೆಟ್ಟದ ಹಿಮರಾಶಿಗಳು ಕರಗಿ ಹಿಂಜರಿಯುತ್ತಿವೆ. ಕರಗುವಷ್ಟು ಕಾಲ ನದಿ ತುಂಬಿದಂತೆ ಕಾಣಬಹುದು. ಕೂಡಿಟ್ಟ ಗಂಟನ್ನು ಕರಗಿಸಿ ಉಣ್ಣುವವನ ಸಂಸಾರವೂ ಕೆಲಕಾಲ ಸಮೃದ್ಧವಾಗಿಯೇ ಕಾಣುತ್ತದೆ. ಅಷ್ಟರೊಳಗಾಗಿ ಮಣ್ಣಿನ ಕಾಲುವೆಗಳಲ್ಲಿ ಇಂಗಿಹೋಗುವ ನೀರನ್ನು ಉಳಿಸುವುದನ್ನು ಕೆಳಗಿನವರು ಕಲಿಯಬೇಕು. ಕೆಳಗಿನವರ ಬೇಸಿಗೆ ತಮ್ಮ ಚಳಿಗಾಲದ ಭದ್ರತೆಯೂ ಹೌದೆಂಬುದನ್ನು ಮೇಲಿನವರು ಮರೆಯಬಾರದು.

ಮೇಲ್ದಂಡೆ ಕೆಳದಂಡೆಗಳ ಮಾತು ನದಿಯ ನೀರನ್ನುಂಡು ಬೆಳೆದ ಯಾವ ನಾಡಿನವರಿಗೂ ಹೊಸದಲ್ಲ. ಸಾಮಾನ್ಯವಾಗಿ ಅಂತಹ ಜಗಳಗಳಲ್ಲಿ ಪಾಲೆಷ್ಟು ಎಂದೇ ಕೇಳುತ್ತೇವೆ. ಫರ್ಗಾನಾ ಕಲಿಸುವುದೇನೆಂದರೆ, ಯಾವಾಗ ಎಂಬ ಪ್ರಶ್ನೆಯೂ ಅಷ್ಟೇ ದೊಡ್ಡದು. ಪಾಲಿಗೆ ಒಬ್ಬರು ಕಳೆದುಕೊಂಡರೆ ಮಾತ್ರ ಇನ್ನೊಬ್ಬರು ಗಳಿಸಬಹುದು, ಕಾಲಕ್ಕಾದರೋ ಇಬ್ಬರೂ ಒಪ್ಪಿದರೆ ಇಬ್ಬರಿಗೂ ಲಾಭವುಂಟು. ಪ್ರತಿವರ್ಷ ಶರತ್ಕಾಲದ ಕೊನೆಗೆ ತೊಕ್ತೊಗುಲ್‌ನಲ್ಲಿ ನೀರು ಎಷ್ಟು ನಿಂತಿದೆಯೆಂಬ ಅಂಕಿಯನ್ನು ಬಿಷ್ಕೆಕ್‌ನಲ್ಲಿ ನೋಡುವಂತೆಯೇ ತಾಷ್ಕೆಂಟಿನಲ್ಲಿಯೂ ನೋಡುತ್ತಾರೆ. ಆ ಅಂಕಿ ಇಳಿದಿರುವ ವರ್ಷ ಒಬ್ಬರಿಗೊಬ್ಬರು ಏನನ್ನು ಕಳುಹಿಸುವರೆಂಬುದೇ ಈ ಹೊಸ ಸ್ನೇಹದ ನಿಜವಾದ ಪರೀಕ್ಷೆ.